ನಿಮ್ಮ ರಸ್ತೆ ಅಗಲ ಆಗುತ್ತಿದೆಯಾ? ಟೆಂಡರ್‌ಗೆ ಮೊದಲೇ ಟೇಪು ಹಿಡಿದು ಹೊರಡಿ

ಮನೆ ಕಾಂಪೌಂಡಿನ ಮೇಲೆ ಕೆಂಪು ಗುರುತು ಬಿತ್ತು ಅಂದರೆ ಬೀದಿಯಲ್ಲಿ ಎಲ್ಲರದ್ದೂ ಒಂದೇ ಮಾತು. ಯಾರ ಜಾಗ ಎಷ್ಟು ಹೋಗುತ್ತೆ, ಟಿಡಿಆರ್ (ಹೋದ ಜಾಗಕ್ಕೆ ಬದಲಾಗಿ ಕೊಡುವ ಕಟ್ಟಡ ಹಕ್ಕು) ಎಷ್ಟು ಸಿಗುತ್ತೆ. ನಡೆಯುವವರಿಗೆ ಎಷ್ಟು ಜಾಗ ಅಂತ ಯಾರೂ ಕೇಳುವುದಿಲ್ಲ. ನಾವೂ ಕೇಳಲಿಲ್ಲ. ದಕ್ಷಿಣ ಬೆಂಗಳೂರಿನ ನಮ್ಮ ರಸ್ತೆ ಅಗಲ ಆದಾಗ ಮರ ಹೋಯಿತು, ಐದು ಅಡಿ ಇದ್ದ ಫುಟ್‌ಪಾತ್ ಎರಡೂವರೆ ಅಡಿಗೆ ಇಳಿಯಿತು, ಅದರ ನಟ್ಟನಡುವೆ ಟ್ರಾನ್ಸ್‌ಫಾರ್ಮರ್ ಬಂದು ಕೂತಿತು. ನಮ್ಮಮ್ಮ ಸಂಜೆ ದೇವಸ್ಥಾನಕ್ಕೆ ನಡೆದು ಹೋಗುವುದನ್ನೇ ಬಿಟ್ಟರು. ದೂರು ಕೊಡೋಕೆ ಹೋದರೆ, "ಟೆಂಡರ್ ಆಗಿದೆ, ಡ್ರಾಯಿಂಗ್‌ನಲ್ಲಿ ಇರೋದೇ ಇಷ್ಟು" ಅಂದರು. ಅದು ನಿಜವೇ ಆಗಿತ್ತು. ಡ್ರಾಯಿಂಗ್‌ನಲ್ಲಿ ಇಲ್ಲದ್ದು ರಸ್ತೆಗೆ ಬರುವುದಿಲ್ಲ. ಆದ್ದರಿಂದ ಡ್ರಾಯಿಂಗ್ ಇನ್ನೂ ಕಾಗದದ ಮೇಲಿರುವಾಗಲೇ ಏನು ಮಾಡಬೇಕು ಅಂತ ಹೇಳುತ್ತೇನೆ.

ಮೊದಲು ರಸ್ತೆ ಯಾರದ್ದು ಅಂತ ತಿಳಿದುಕೊಳ್ಳಿ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆಗಳಿವೆ. ಅದರ ಜೊತೆಗೆ ಬಿಡಿಎ, ಲೋಕೋಪಯೋಗಿ ಇಲಾಖೆ, ಹೆದ್ದಾರಿ ಪ್ರಾಧಿಕಾರದ ರಸ್ತೆಗಳೂ ಇವೆ. ತಪ್ಪು ಕಚೇರಿಗೆ ಅರ್ಜಿ ಕೊಟ್ಟರೆ ತಿಂಗಳುಗಟ್ಟಲೆ ಸುಮ್ನೆ ಅಲೆಯಬೇಕಾಗುತ್ತದೆ. ಯಾರದ್ದು ಅಂತ ಗೊತ್ತಾದ ಮೇಲೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ ಇದೆ, ಹಾಗಾಗಿ ಕಥೆ ಬರೆಯಬೇಡಿ. ಇಷ್ಟೇ ಕೇಳಿ: ಈ ರಸ್ತೆಯ ಡಿಪಿಆರ್ (ಕಾಮಗಾರಿಯ ವಿವರವಾದ ಯೋಜನಾ ವರದಿ), ಎಲ್ಲ ಕ್ರಾಸ್ ಸೆಕ್ಷನ್ ಡ್ರಾಯಿಂಗ್‌ಗಳು, ಜಂಕ್ಷನ್ ಡ್ರಾಯಿಂಗ್‌ಗಳು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ವಾರ್ಡಿನ ಇಂಜಿನಿಯರ್ ಹತ್ತಿರ ನೇರವಾಗಿ ಹೋಗಿ ಡ್ರಾಯಿಂಗ್ ತೋರಿಸಿ ಅಂತ ಕೇಳಿ. ಎಷ್ಟೋ ಸಲ ಖುಷಿಯಿಂದಲೇ ತೋರಿಸುತ್ತಾರೆ.

ಕ್ರಾಸ್ ಸೆಕ್ಷನ್ ಅಂದರೆ ಹೆದರಬೇಡಿ. ಸೌತೆಕಾಯಿಯನ್ನು ಅಡ್ಡಕ್ಕೆ ಕೊಯ್ದಂತೆ ರಸ್ತೆಯನ್ನು ಕೊಯ್ದರೆ ಕಾಣುವ ಚಿತ್ರ, ಅಷ್ಟೇ. ಈ ಗೋಡೆಯಿಂದ ಆ ಗೋಡೆವರೆಗೆ ಯಾವುದಕ್ಕೆ ಎಷ್ಟು ಮೀಟರ್ ಅಂತ ಅದರಲ್ಲಿ ಬರೆದಿರುತ್ತದೆ. ಇಡೀ ಜಗಳ ಇರುವುದು ಈ ಒಂದು ಚಿತ್ರದಲ್ಲೇ. ಸಾಮಾನ್ಯವಾಗಿ ಮೊದಲು ಗಾಡಿಗಳ ಲೇನ್ ಹಾಕಿ, ಉಳಿದದ್ದನ್ನು ಫುಟ್‌ಪಾತ್ ಅಂತ ಬರೆದಿರುತ್ತಾರೆ. ನೀವು ಲೆಕ್ಕವನ್ನು ಗೋಡೆಯಿಂದ ಶುರು ಮಾಡಿ.

80 ಅಡಿ ರಸ್ತೆ ಅಂದರೆ ಸುಮಾರು 24 ಮೀಟರ್. ಒಂದೊಂದು ಬದಿಗೆ ಗೋಡೆ ಪಕ್ಕ ನಡೆಯೋಕೆ 2.5 ಮೀಟರ್, ಸೈಕಲ್‌ಗೆ 2 ಮೀಟರ್, ಆಮೇಲೆ ಮರ, ಕಂಬ, ಟ್ರಾನ್ಸ್‌ಫಾರ್ಮರ್, ಬಸ್ ಸ್ಟಾಪು ಇವಕ್ಕೆಲ್ಲ ಸೇರಿ 1.2 ಮೀಟರ್ ಪಟ್ಟಿ. ಎರಡೂ ಬದಿ ಸೇರಿ 11.4 ಆಯಿತು. ನಡುವೆ ಮೀಡಿಯನ್‌ಗೆ, ಅಂದರೆ ಡಿವೈಡರ್‌ಗೆ 0.6. ಉಳಿದದ್ದು 12 ಮೀಟರ್, ಅಂದರೆ ಮೂರು ಮೀಟರಿನ ನಾಲ್ಕು ಲೇನ್. ಬಿಎಂಟಿಸಿ ಬಸ್ಸಿನ ಅಗಲ ಎರಡೂವರೆ ಮೀಟರ್ ಆಸುಪಾಸು, ಆರಾಮಾಗಿ ಹಿಡಿಸುತ್ತದೆ. "ಜಾಗ ಇಲ್ಲ" ಅನ್ನುವವರ ಮುಂದೆ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಇಡಿ. ಆ ಕಂಬದ ಪಟ್ಟಿ ಬಹಳ ಮುಖ್ಯ. ಕಂಬಕ್ಕೆ ಅಂತ ಬೇರೆ ಜಾಗ ಇಡದಿದ್ದರೆ ಅದು ಫುಟ್‌ಪಾತ್ ನಡುವೆಯೇ ಬಂದು ನಿಲ್ಲುತ್ತದೆ, ನಮ್ಮ ರಸ್ತೆಯಲ್ಲಿ ಆದದ್ದು ಅದೇ. ಅದೇ ಪಟ್ಟಿ ಸೈಕಲ್‌ನವರಿಗೂ ಗಾಡಿಗಳಿಗೂ ನಡುವೆ ಕಾವಲಾಗಿ ನಿಲ್ಲುತ್ತದೆ.

ಅಳತೆ ಬಾಯಿಗೆ ಬಂದದ್ದಲ್ಲ ಅಂತ ತೋರಿಸೋಕೆ ಐಆರ್‌ಸಿ 103 ಹೆಸರು ಹೇಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿಗಳಿಗಾಗಿಯೇ ಮಾಡಿದ ಮಾರ್ಗಸೂಚಿ ಅದು. ಮನೆಗಳಿರುವ ಕಡೆ ಕನಿಷ್ಠ 1.8 ಮೀಟರ್, ಅಂಗಡಿ ಸಾಲಿರುವ ಕಡೆ 2.5 ಮೀಟರ್ ಅಡ್ಡಿಯಿಲ್ಲದ ಜಾಗ ಬೇಕು ಅನ್ನುತ್ತದೆ. 'ಅಡ್ಡಿಯಿಲ್ಲದ' ಅನ್ನುವ ಪದವನ್ನು ಬಿಡಬೇಡಿ. ಫುಟ್‌ಪಾತಿನ ಎತ್ತರ 150 ಮಿಲಿಮೀಟರ್ ದಾಟಬಾರದು, ಅಂದರೆ ಅರ್ಧ ಅಡಿ. ನಮ್ಮೂರಲ್ಲಿ ಫುಟ್‌ಪಾತ್ ಅಂದರೆ ಮೋರಿ ಮೇಲಿನ ಚಪ್ಪಡಿ ತಾನೇ? ಮೋರಿ ಎಷ್ಟು ಎತ್ತರವೋ ಫುಟ್‌ಪಾತೂ ಅಷ್ಟೇ ಎತ್ತರ. ಮಂಡಿನೋವಿನವರು ಹತ್ತೋಕಾಗದೆ ರಸ್ತೆಗೇ ಇಳಿಯುತ್ತಾರೆ. ಹಾಗಾಗಿ ಮೋರಿಯ ಮಟ್ಟ ಎಷ್ಟು ಅಂತಲೂ ಡ್ರಾಯಿಂಗ್‌ನಲ್ಲಿ ನೋಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವುದು ಪಾದಚಾರಿಗಳಿಗೆ ಸಂವಿಧಾನದ 21ನೇ ವಿಧಿಯಡಿ ಇರುವ ಹಕ್ಕು ಅಂತ ಹೇಳಿದೆ. ಮನವಿಯ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ.

ಇನ್ನು ಎಣಿಕೆ. ಡಿಪಿಆರ್‌ನಲ್ಲಿ ಕಾರು, ಬೈಕು, ಲಾರಿ ಎಷ್ಟು ಅಂತ ಪುಟಗಟ್ಟಲೆ ಇರುತ್ತದೆ, ನಡೆಯುವವರ ಲೆಕ್ಕವೇ ಇಲ್ಲದಿರಬಹುದು. ನೀವೇ ಎಣಿಸಿ. ನಾಲ್ಕು ಜನ ಸೇರಿ ಬೆಳಗ್ಗೆ ಎಂಟರಿಂದ ಒಂಬತ್ತು, ಸಂಜೆ ಐದೂವರೆಯಿಂದ ಆರೂವರೆ, ಎರಡು ಮೂರು ದಿನ ಕೂತರೆ ಸಾಕು. ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ ಹೊಸೂರು ರಸ್ತೆ ಕಡೆಯೋ ಮೈಸೂರು ರಸ್ತೆ ಕಡೆಯೋ ನಿಂತು ನೋಡಿ, ಒಂದೇ ಸಮನೆ ಹೆಣ್ಣುಮಕ್ಕಳು ರಸ್ತೆ ಅಂಚಿನಲ್ಲಿ, ಬಸ್ಸಿಗೆ ಮೈ ತಾಗುವಷ್ಟು ಹತ್ತಿರದಲ್ಲಿ, ಕೈಚೀಲ ಎದೆಗೆ ಒತ್ತಿಕೊಂಡು ನಡೆದು ಹೋಗುತ್ತಿರುತ್ತಾರೆ. ಸೈಕಲ್ ಎಣಿಸೋಕೆ ಬೆಳಗ್ಗೆ ಇನ್ನೂ ಬೇಗ ಹೋಗಬೇಕು. ಪೇಪರ್ ಹುಡುಗರು, ಪಾಳಿ ಮುಗಿಸಿ ಬರುವ ಸೆಕ್ಯುರಿಟಿಯವರು, ಕಟ್ಟಡ ಕೆಲಸದವರು ಆರು ಗಂಟೆಗೇ ಹೋಗಿರುತ್ತಾರೆ. ಸೈಕಲ್ ಅಂದರೆ ಭಾನುವಾರ ಹೆಲ್ಮೆಟ್ ಹಾಕಿ ನಂದಿಬೆಟ್ಟಕ್ಕೆ ಹೋಗುವವರದ್ದು ಅಂದುಕೊಂಡವರಿಗೆ ಈ ಲೆಕ್ಕ ತೋರಿಸಲೇಬೇಕು.

ಸೈಕಲ್ ಪಥ ಕೇಳುವಾಗ ಬರೀ ಬಣ್ಣ ಬಳಿದ ಗೆರೆಗೆ ಒಪ್ಪಬೇಡಿ. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಬೊಲಾರ್ಡ್ (ಗಿಡ್ಡ ಕಂಬ) ನೆಟ್ಟು ಸೈಕಲ್ ಲೇನ್ ಮಾಡಿದ್ದು ನೆನಪಿದೆ ಅಲ್ವಾ? ಬೊಲಾರ್ಡ್ ಮುರಿದ ಕಡೆಯೆಲ್ಲ ಬೈಕು ನುಗ್ಗಿದವು. ಗಟ್ಟಿ ಕಟ್ಟೆ ಬೇಕು, ಬಸ್ ಸ್ಟಾಪ್ ಬಂದಾಗ ಪಥ ಶೆಲ್ಟರಿನ ಹಿಂದೆ ಹೋಗಬೇಕು. ಹಾಗಂತ ಎಲ್ಲ ರಸ್ತೆಗೂ ಬೇರೆ ಪಥ ಬೇಡ. 40 ಅಡಿ ರಸ್ತೆಯಲ್ಲಿ ಅದಕ್ಕೆ ಜಾಗ ಹುಡುಕೋಕೆ ಹೋದರೆ ಫುಟ್‌ಪಾತೇ ಹೋಗುತ್ತದೆ. ಅಲ್ಲಿ ಗಾಡಿಗಳ ವೇಗ 30ಕ್ಕೆ ಇಳಿಸುವುದೇ ಸೈಕಲ್‌ನವರಿಗೆ ಮಾಡುವ ದೊಡ್ಡ ಉಪಕಾರ.

ನೇರ ರಸ್ತೆಗಿಂತ ಜೀವಭಯ ಜಾಸ್ತಿ ಇರುವುದು ತಿರುವಿನಲ್ಲಿ. ಬೆಂಗಳೂರಿನ ಬಡಾವಣೆ ಅಂದರೆ ಮೇನು, ಕ್ರಾಸು. ಪ್ರತಿ ಕ್ರಾಸಿಗೂ ಫುಟ್‌ಪಾತ್ ಕಡಿಯುತ್ತದೆ, ಇಳಿಯಬೇಕು, ಹತ್ತಬೇಕು. ಕ್ರಾಸಿನ ಬಾಯಲ್ಲಿ ಫುಟ್‌ಪಾತ್ ಅದೇ ಮಟ್ಟದಲ್ಲಿ ಮುಂದುವರಿಯಲಿ, ಗಾಡಿಯೇ ಹಂಪ್ ಹತ್ತಿದಂತೆ ಹತ್ತಿ ಇಳಿಯಲಿ ಅಂತ ಬರೆಸಿ. ಮೂಲೆಗಳನ್ನು ದೊಡ್ಡದಾಗಿ ದುಂಡು ಮಾಡಿದ್ದರೆ, ಫ್ರೀ ಲೆಫ್ಟ್ (ಸಿಗ್ನಲ್‌ಗೆ ನಿಲ್ಲದೆ ಎಡಕ್ಕೆ ತಿರುಗುವ ದಾರಿ) ತೋರಿಸಿದ್ದರೆ, ಆಕ್ಷೇಪಣೆ ಹಾಕಿ. ಮೂಲೆ ದುಂಡಾದಷ್ಟೂ ಗಾಡಿ ಬ್ರೇಕ್ ಹಾಕದೆ ತಿರುಗುತ್ತದೆ. ಸಿಗ್ನಲ್ ಸಮಯವನ್ನೂ ಕೇಳಿ. ಎಪ್ಪತ್ತು ದಾಟಿದವರು ಸೆಕೆಂಡಿಗೆ ಮುಕ್ಕಾಲು ಮೀಟರ್ ನಡೆದರೆ 12 ಮೀಟರ್ ದಾಟೋಕೆ 16 ಸೆಕೆಂಡ್ ಬೇಕು. ದಾಟುವ ಕಡೆ ಎರಡೂ ಬದಿಯ ಕಂಬದ ಪಟ್ಟಿಯಿಂದ ತಲಾ 0.4 ಮೀಟರ್ ತೆಗೆದು ಮೀಡಿಯನ್‌ಗೆ ಕೊಟ್ಟರೆ, ಮಗು ಎತ್ತಿಕೊಂಡವರು ನಡುವೆ ನಿಲ್ಲೋಕೆ 1.4 ಮೀಟರ್ ಸಿಗುತ್ತದೆ. ಇದರ ಬದಲು ಸ್ಕೈವಾಕ್ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಒಂದು ರಸ್ತೆ ದಾಟೋಕೆ ಎರಡು ಮಹಡಿ ಹತ್ತಿ ಇಳಿಯುವುದು ನ್ಯಾಯವಲ್ಲ.

ಮರಗಳು 50ಕ್ಕಿಂತ ಜಾಸ್ತಿ ಹೋಗುವುದಾದರೆ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಆ ನೋಟಿಸ್ ಮೇಲೆ ಕಣ್ಣಿಡಿ. ನೆರಳಿಲ್ಲದ ಫುಟ್‌ಪಾತ್‌ನಲ್ಲಿ ಏಪ್ರಿಲ್ ಮಧ್ಯಾಹ್ನ ಯಾರು ನಡೆಯುತ್ತಾರೆ? ಎಳನೀರಿನವರು, ಸೊಪ್ಪಿನವರಿಗೂ ಡ್ರಾಯಿಂಗ್‌ನಲ್ಲೇ ಜಾಗ ತೋರಿಸೋಕೆ ಹೇಳಿ. ಅವರನ್ನು ಎಬ್ಬಿಸಿ ಫುಟ್‌ಪಾತ್ ಖಾಲಿ ಮಾಡಿಸುವುದು ನಮ್ಮ ಬೇಡಿಕೆ ಆಗಬಾರದು, 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಕಡೆಗಿದೆ.

ಇಂಜಿನಿಯರ್ ಜೊತೆ ಮಾತಾಡೋಕೆ ಹೋಗುವ ಮೊದಲು ಸೇಂಟ್ ಮಾರ್ಕ್ಸ್ ರಸ್ತೆಯ ಟೆಂಡರ್‌ಶ್ಯೂರ್ ಯೋಜನೆಯ ಫುಟ್‌ಪಾತ್ ಮೇಲೆ ಒಮ್ಮೆ ನಡೆದು ಬನ್ನಿ, ಫೋಟೋ ತೆಗೆಯಿರಿ. ವೈರು, ಪೈಪು ಎಲ್ಲ ಫುಟ್‌ಪಾತ್ ಕೆಳಗೆ ಹಾಕಿ ರಸ್ತೆ ಮಾಡುವುದು ಇದೇ ಊರಲ್ಲಿ ಆಗಿದೆ ಅಂತ ತೋರಿಸಬಹುದು. ಆಮೇಲೆ ಇಂಜಿನಿಯರನ್ನು ನಿಮ್ಮ ರಸ್ತೆಗೆ ಕರೆಯಿರಿ. ಕಚೇರಿಯ ಮೇಜಿನ ಮುಂದೆ ಒಪ್ಪದ ಮಾತನ್ನು, ಗಾಲಿಕುರ್ಚಿಯಲ್ಲಿರುವ ಒಬ್ಬರ ಜೊತೆ ನೂರು ಮೀಟರ್ ನಡೆದ ಮೇಲೆ ಒಪ್ಪುತ್ತಾರೆ. ಒಪ್ಪಿದ್ದನ್ನು ಅಲ್ಲೇ ಬರೆದು, ಅದೇ ದಿನ ಇಮೇಲ್ ಮಾಡಿ. ಬಾಯಿಮಾತು ವರ್ಗಾವಣೆಯ ಜೊತೆಗೇ ಹೋಗುತ್ತದೆ.

ಕಾಮಗಾರಿ ಶುರುವಾದ ಮೇಲೆ ವಾರಕ್ಕೊಮ್ಮೆ ಟೇಪು ಹಿಡಿದು ಹೋಗಿ. ಕೆಲಸ ನಡೆಯುವಾಗಲೂ ನಡೆಯೋಕೆ ತಾತ್ಕಾಲಿಕ ದಾರಿ ಇದೆಯಾ ನೋಡಿ. ಕರ್ಬ್ ಕಲ್ಲು (ಫುಟ್‌ಪಾತಿನ ಅಂಚಿನ ಕಲ್ಲು) ಕೂರಿಸುವ ದಿನ ಮಾತ್ರ ತಪ್ಪಿಸಿಕೊಳ್ಳಬೇಡಿ, ಒಮ್ಮೆ ಕಾಂಕ್ರೀಟ್ ಗಟ್ಟಿಯಾದರೆ ಅದನ್ನು ಯಾರೂ ಕೀಳುವುದಿಲ್ಲ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಜೆ) ಪ್ರಕಾರ ಕಾಮಗಾರಿಯನ್ನು ಪರಿಶೀಲಿಸುವ ಹಕ್ಕು ನಿಮಗಿದೆ. ಡ್ರಾಯಿಂಗ್‌ಗೂ ನೆಲಕ್ಕೂ ಅರ್ಧ ಅಡಿ ವ್ಯತ್ಯಾಸ ಕಂಡರೂ, ಟೇಪಿನ ಸಮೇತ ಫೋಟೋ ತೆಗೆದು, ಗುತ್ತಿಗೆದಾರರ ಕೊನೆಯ ಬಿಲ್ ಪಾಸಾಗುವುದರೊಳಗೆ ಕಳಿಸಿ.