ಪಿನ್ ಬಿಚ್ಚದೆ ಎಂ42 ಪರೀಕ್ಷೆ: ನನ್ನ ಅನುಭವ

ಕಳೆದ ವರ್ಷ ಬೆಲ್ಜಿಯಂನ ಸಿನೆ ಊರಿನ ಮಿಲಿಟರಿ ವಸ್ತುಗಳ ಸಂತೆಯಲ್ಲಿ ಎರಡನೇ ಮಹಾಯುದ್ಧದ ಜರ್ಮನ್ ಸೈನಿಕರ ಒಂದು ಎಂ42 ಉಕ್ಕಿನ ಹೆಲ್ಮೆಟ್ ಕೊಂಡೆ. ಸಿಕೆಎಲ್ 64, ಅಂದರೆ ತಯಾರಕರ ಗುರುತು ಮತ್ತು ಚಿಪ್ಪಿನ ಅಳತೆ. ಡೀಕಾಲ್ (ಅಂಟಿಸಿದ ಲಾಂಛನ) ಇಲ್ಲದ್ದು. ಉಕ್ಕಿನ ಚಿಪ್ಪಿಗೆ ಪಿನ್‌ಗಳಿಂದ ಸಿಕ್ಕಿಸಿದ ಚರ್ಮದ ಲೈನರ್ (ಒಳಪದರ) ಇತ್ತು, ಗದ್ದದ ಪಟ್ಟಿ ಅರ್ಧ ಮಾತ್ರ ಉಳಿದಿತ್ತು. 260 ಯೂರೋ ಕೊಟ್ಟೆ. ನನಗಿಂತ ಮೊದಲು ಮೂರು ಜನ ಅದನ್ನು ಎತ್ತಿ ನೋಡಿ, ಮೂಸಿ, ವಾಪಸ್ ಇಟ್ಟು ಹೋಗಿದ್ದರು. ಚರ್ಮ ಇಷ್ಟು ಚೆನ್ನಾಗಿದೆ ಅಂದರೆ ಆಮೇಲೆ ಹಾಕಿದ್ದೇ ಇರಬೇಕು ಅನ್ನೋದು ಅವರ ಲೆಕ್ಕ.

ನನಗೆ ಈ ಹವ್ಯಾಸ ಕಲಿಸಿದ ಹಿರಿಯರು ಪಕ್ಕದಲ್ಲೇ ನಿಂತಿದ್ದರು. ಮೂವತ್ತು ವರ್ಷದಿಂದ ಇದರಲ್ಲೇ ಇರುವವರು. ಅವರೂ ತಲೆ ಅಲ್ಲಾಡಿಸಿದರು. "ಪಿನ್ ಬಿಚ್ಚದೆ ಒಳಗಿನ ಕಥೆ ಯಾರಿಗೂ ಗೊತ್ತಾಗಲ್ಲ. ಬಿಚ್ಚಿದರೆ ಬೆಲೆ ಹೋಯಿತು. ಸುಮ್ನೆ ದುಡ್ಡು ಹಾಳು ಮಾಡಿಕೊಳ್ಳಬೇಡ" ಅಂದರು. ನಾನು ಪಿನ್ ಮುಟ್ಟಲಿಲ್ಲ. ಆದರೆ ನೋಡಬೇಕಾದ್ದೆಲ್ಲ ನೋಡಿ ಆಗಿತ್ತು. ಈ ವರ್ಷ ಅದೇ ಹೆಲ್ಮೆಟ್ಟಿಗೆ ಅವರೇ 550 ಕೊಡುತ್ತೇನೆ ಅಂದರು. ನಾನು ಕೊಡಲಿಲ್ಲ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ನಾನಿರೋದು ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್‌ನಲ್ಲಿ. 'ಕ್ಯೂ' ಗುರುತಿನ ಕ್ವಿಸ್ಟ್ ಹೆಲ್ಮೆಟ್‌ಗಳು ತಯಾರಾದ ಊರು ಇದೇ. ಕೆಲಸಕ್ಕೆ ಬಂದವನಿಗೆ ಈ ಹುಚ್ಚು ಹತ್ತಿದ್ದು ಅದರಿಂದಲೇ. ಇನ್ನೊಂದು ಕಾರಣವೂ ಇದೆ. ಅಪ್ಪನದು ಪೀಣ್ಯದಲ್ಲಿ ಸಣ್ಣ ಪ್ರೆಸ್ ಶಾಪ್. ತಗಡು ಒತ್ತುವ ಸದ್ದಿನಲ್ಲೇ ಬೆಳೆದವನು ನಾನು. ಮೊದಲ ಹೆಲ್ಮೆಟ್ಟನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದಾಗ ಅಪ್ಪ ಕೇಳಿದ್ದು ಇಷ್ಟೇ: "ಬಣ್ಣ ಆಮೇಲೆ ನೋಡೋಣ, ಮೊದಲು ಅಂಚು ತೋರ್ಸೋ." ಎಂ42ರ ಅಂಚನ್ನು ಒಳಕ್ಕೆ ಮಡಿಸಿಲ್ಲವಲ್ಲ, ಕತ್ತರಿಸಿ ಹೊರಕ್ಕೆ ಬಾಗಿಸಿ ಬಿಟ್ಟಿದ್ದಾರೆ. ಕತ್ತರಿಸಿದ ಜಾಗದ ಬರ್ (ಚೂಪಾದ ಒರಟು ಅಂಚು) ಹಾಗೇ ಉಳಿದಿರುತ್ತದೆ. ಅದರ ಮೇಲೆ ಬಣ್ಣ ಹೇಗೆ ಕೂತಿದೆ ಅಂತ ನೋಡೋದನ್ನು ಕಲಿಸಿದ್ದು ಅಪ್ಪ, ಯಾವ ಸಂಗ್ರಾಹಕರೂ ಅಲ್ಲ.

ಡೀಕಾಲ್ ಇರುವುದಕ್ಕೆ ನಾನು ಕೈ ಹಾಕುವುದಿಲ್ಲ. ನಾಜಿ ಮುದ್ರೆಯ ವಿಷಯದಲ್ಲಿ ಜರ್ಮನಿಯ ಕಾನೂನು ಬಿಗಿ, ಅದನ್ನು ಬಹಿರಂಗವಾಗಿ ತೋರಿಸುವುದನ್ನು ದಂಡ ಸಂಹಿತೆಯ 86ಎ ಕಲಮು ನಿಷೇಧಿಸುತ್ತದೆ. ನನಗೂ ಆ ಮುದ್ರೆ ಮನೆಯಲ್ಲಿ ಬೇಡ. ಅಲ್ಲದೆ ಮೋಸ ಜಾಸ್ತಿ ನಡೆಯುವುದೂ ಅಲ್ಲೇ. 1943ರ ಆಗಸ್ಟ್‌ನಲ್ಲಿ ಸೈನ್ಯದ ಹೆಲ್ಮೆಟ್‌ಗೆ ಹದ್ದಿನ ಡೀಕಾಲ್ ಅಂಟಿಸೋದನ್ನೇ ನಿಲ್ಲಿಸಿದ್ದರಿಂದ ಕೊನೆಯ ಕಾಲದ ಮಾಲೆಲ್ಲ ಬರೀ ಬೂದು ಹಸಿರು. ಬೆಲೆ ಕಮ್ಮಿ, ಹಾಗಾಗಿ ನಕಲಿಯೂ ಕಮ್ಮಿ ಅಂದುಕೊಂಡಿದ್ದೆ. ತಪ್ಪು ಲೆಕ್ಕ. ಮಣ್ಣಿನಿಂದ ತೆಗೆದ ಖಾಲಿ ಚಿಪ್ಪು 70 ಯೂರೋಗೆ ಸಿಗುತ್ತದೆ. ಹೊಸ ಚರ್ಮದ ಲೈನರ್‌ಗೆ 40 ಅಥವಾ 50. ಬಣ್ಣ, ಚಹಾ ನೀರು, ಒಂದು ವಾರದ ಕೆಲಸ. ಅದನ್ನು 400ಕ್ಕೆ ಮಾರುತ್ತಾರೆ.

ಮೊದಲ ಏಟು ಬಿದ್ದಿದ್ದು ನನ್ನ ಎರಡನೇ ಹೆಲ್ಮೆಟ್‌ನಲ್ಲಿ. 380 ಯೂರೋ. ಮನೆಗೆ ತಂದು ನೋಡಿದರೆ ಬಣ್ಣ ಪಿನ್‌ಗಳ ತಲೆಯ ಮೇಲೂ ಹರಿದು ಚಿಪ್ಪಿನ ಜೊತೆ ಒಂದಾಗಿತ್ತು. ಕಾರ್ಖಾನೆಯಲ್ಲಿ ಚಿಪ್ಪಿಗೆ ಬಣ್ಣ ಆದ ಮೇಲೆ ಪಿನ್ ಹಾಕುತ್ತಿದ್ದರು ಅನ್ನೋದು ಗೊತ್ತಿದ್ದೂ ಸಂತೆಯ ಗಡಿಬಿಡಿಯಲ್ಲಿ ಬಿಟ್ಟೆ. ಯುದ್ಧ ಮುಗಿದ ಮೇಲೆ ನಾರ್ವೆಯವರು ಬಣ್ಣ ಬಳಿದು ಬಳಸಿದ ಮಾಲು ಅದು. 150ಕ್ಕೆ ಕೊಟ್ಟು ಕೈ ತೊಳೆದುಕೊಂಡೆ.

ಎರಡನೇ ಏಟು ನೆನೆದರೆ ಇನ್ನೂ ನೋವಾಗುತ್ತದೆ. ಚಳಿಗಾಲಕ್ಕೆ ಬಳಿದ ಬಿಳಿ ಬಣ್ಣ ಇದ್ದ ಕ್ವಿಸ್ಟ್ 66. ಬಿಳಿ ನಿಜವೋ ಸುಳ್ಳೋ ನೋಡೋಣ ಅಂತ ಒದ್ದೆ ಹತ್ತಿಯಲ್ಲಿ ಒರೆಸಿದೆ. ರೂಪಾಯಿ ಅಗಲದಷ್ಟು ಜಾಗ ಹತ್ತಿಗೆ ಬಂತು. ಬಿಳಿ ನಿಜವೇ ಆಗಿತ್ತು. ನೀರಿಗೆ ಕರಗುವ ಸುಣ್ಣದಂಥದ್ದು. ಎಂಬತ್ತು ವರ್ಷ ಉಳಿದದ್ದನ್ನು ನಾನು ಅರ್ಧ ನಿಮಿಷದಲ್ಲಿ ಅಳಿಸಿದ್ದೆ. ಇನ್ನೂರು ಯೂರೋ ನಷ್ಟ ಅಂತ ಇಟ್ಟುಕೊಳ್ಳಿ. ದುಡ್ಡಿನ ಮಾತು ಬಿಡಿ, ಆ ಜಾಗ ಕಣ್ಣಿಗೆ ಬಿದ್ದಾಗಲೆಲ್ಲ ಈಗಲೂ ಸಂಕಟವಾಗುತ್ತದೆ.

ಮೂರನೇ ಏಟು ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ತಂದ ಹೊಸತರಲ್ಲಿ. ಈಗಿನ ದಾರದಲ್ಲಿ ಹೊಳಪಿನ ರಾಸಾಯನಿಕ ಇರುತ್ತದೆ, ಟಾರ್ಚ್ ಬಿಟ್ಟರೆ ನೀಲಿ ಬಿಳಿ ಬೆಳಕು ಬರುತ್ತದೆ, ಹಳೇ ದಾರದಲ್ಲಿ ಬರಲ್ಲ. ಇದು ಎಲ್ಲರೂ ಮಾಡುವ ಪರೀಕ್ಷೆ. ಒಂದು ಒಳ್ಳೇ ಎಚ್‌ಕೆಪಿ 64ರ ಲೈನರ್ ದಾರ ಜಗಮಗ ಅಂತು. ಬೇಡ ಅಂದುಬಿಟ್ಟೆ. ಬೇರೆಯವರು 350ಕ್ಕೆ ತೆಗೆದುಕೊಂಡರು. ಆಮೇಲೆ ಗೊತ್ತಾಯಿತು, ಅದನ್ನು ಮಾರಿದ ಮನೆಯವರು ಲೈನರ್ ಕೊಳೆಯಾಗಿದೆ ಅಂತ ಬಟ್ಟೆ ಸೋಪಿನ ಪುಡಿ ಹಾಕಿ ತೊಳೆದಿದ್ದರಂತೆ. ನಂಬಿಕೆ ಬರಲಿಲ್ಲ. ಹೊಳೆಯದ ಹಳೇ ಹತ್ತಿ ದಾರವನ್ನೇ ಹುಡುಕಿ, ಒಂದು ತುಂಡನ್ನು ಸೋಪಿನ ಪುಡಿಯ ನೀರಿನಲ್ಲಿ ರಾತ್ರಿ ನೆನೆಸಿದೆ. ಬೆಳಗ್ಗೆ ಹೊಸ ದಾರದ ಹಾಗೇ ಹೊಳೆಯಿತು. ಅಂದಿನಿಂದ ಯುವಿ ಒಂದನ್ನೇ ನಂಬಿ ತೀರ್ಮಾನ ಮಾಡುವುದಿಲ್ಲ. ಲೈನರ್ ಬಿಗಿಯುವ ದಾರ, ಚರ್ಮದ ಹೊಲಿಗೆ, ಪಟ್ಟಿಯ ಹೊಲಿಗೆ, ಮೂರೂ ಒಂದೇ ಮಾತು ಹೇಳಬೇಕು.

ಇನ್ನು ನನ್ನ ವಿಧಾನ. ಪೈಪಿನೊಳಗೆ ನೋಡಲು ಪ್ಲಂಬರ್‌ಗಳು ಬಳಸುತ್ತಾರಲ್ಲ, ಆ ಥರದ ಕ್ಯಾಮೆರಾ. ಐದೂವರೆ ಮಿಲಿಮೀಟರ್ ದಪ್ಪ, ಫೋನಿಗೆ ಸಿಕ್ಕಿಸೋದು, 40 ಯೂರೋ ಒಳಗೇ ಬಂತು. ಲೈನರ್ ಬ್ಯಾಂಡಿಗೂ (ಚರ್ಮ ಕೂರಿಸಿದ ಲೋಹದ ಪಟ್ಟಿ) ಚಿಪ್ಪಿಗೂ ನಡುವಿನ ಸಂದಿಯಲ್ಲಿ ಮೆಲ್ಲಗೆ ಇಳಿಸಬಹುದು. ಮೊದಲ ಎರಡು ತಿಂಗಳು ಏನೂ ಕಾಣಲಿಲ್ಲ. ಕ್ಯಾಮೆರಾದ ತುದಿಯ ದೀಪ ಬಣ್ಣಕ್ಕೆ ನೇರ ಬಡಿದು ಎಲ್ಲ ಬೆಳ್ಳಗೆ. ಆ ದೀಪಕ್ಕೆ ಕಪ್ಪು ಟೇಪ್ ಅಂಟಿಸಿದೆ. ಹೆಲ್ಮೆಟ್ಟಿನ ಪಕ್ಕದ ಗಾಳಿ ತೂತಿನಿಂದ ಸಣ್ಣ ಟಾರ್ಚ್ ಬಿಟ್ಟೆ. ಬೆಳಕು ಓರೆಯಾಗಿ ಬಿದ್ದ ತಕ್ಷಣ ಒಳಗಿನ ಒಂದೊಂದು ಗೀರೂ ಎದ್ದು ಕಂಡಿತು. ಟಾರ್ಚನ್ನು ಯಾವ ಕೋನದಲ್ಲಿ ಹಿಡಿಯುತ್ತೇನೆ, ಮೊದಲು ಎಲ್ಲಿ ನೋಡುತ್ತೇನೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ನಕಲಿ ಮಾಡುವವರೂ ಓದುತ್ತಾರೆ.

ನೋಡೋದು ಏನು? ಲೈನರ್ ಬ್ಯಾಂಡ್ ವರ್ಷಗಟ್ಟಲೆ ಚಿಪ್ಪಿಗೆ ಉಜ್ಜಿ ಬಣ್ಣದ ಮೇಲೆ ಒಂದು ಗೆರೆ ಮಾಡಿರುತ್ತದೆ. ಗೆರೆ ಒಂದೇ ಇದ್ದು, ಬ್ಯಾಂಡ್ ಅದರ ಮೇಲೇ ಕೂತಿದ್ದರೆ ಲೈನರ್ ಅಲ್ಲಿಯದೇ. ಎರಡು ಗೆರೆ ಇದ್ದರೆ, ಇಲ್ಲವೇ ಗೆರೆ ಒಂದು ಕಡೆ ಬ್ಯಾಂಡ್ ಇನ್ನೊಂದು ಕಡೆ ಇದ್ದರೆ, ಯಾರೋ ಜೋಡಿಸಿದ್ದು. ಆಮೇಲೆ ಪಿನ್‌ನ ಕಾಲುಗಳು, ಅಂದರೆ ಒಳಗೆ ಬಗ್ಗಿಸಿದ ತುದಿಗಳು. ಒಂದೇ ಸಲ ಬಗ್ಗಿಸಿದ ಕಾಲಿನ ಬೆನ್ನು ನಯವಾಗಿರುತ್ತದೆ, ಬಿಚ್ಚಿ ಮತ್ತೆ ಬಗ್ಗಿಸಿದ್ದರಲ್ಲಿ ಕೂದಲೆಳೆಯಂಥ ಬಿರುಕು. ಬ್ಯಾಂಡಿನ ಮೇಲಿನ ಅಳತೆ ಮುದ್ರೆಯೂ ಸಿಗುತ್ತದೆ. 64ರ ಚಿಪ್ಪಿನಲ್ಲಿ 56 ಅಥವಾ 57 ಇರಬೇಕು, 59 ಕಂಡರೆ ಅಲ್ಲಿಗೆ ಮಾತು ಮುಗಿಯಿತು. ಕೊನೆಯ ವರ್ಷಗಳ ಬ್ಯಾಂಡ್ ಸತು ಲೇಪದ ಉಕ್ಕು, ಅಲ್ಯೂಮಿನಿಯಂ ಕಂಡರೆ ನನಗೆ ಅನುಮಾನ. ಯಾವುದು ಅಂತ ಆಯಸ್ಕಾಂತದಿಂದ ನೋಡಬಹುದು, ಆದರೆ ಚಿಪ್ಪೂ ಉಕ್ಕೇ ಆದ್ದರಿಂದ ದೊಡ್ಡ ಆಯಸ್ಕಾಂತ ಕೆಲಸಕ್ಕೆ ಬಾರದು. ಕಡಲೆಕಾಳಿನಷ್ಟು ಚಿಕ್ಕದನ್ನು ದಾರಕ್ಕೆ ಕಟ್ಟಿ ಇಳಿಬಿಡುತ್ತೇನೆ. ಇನ್ನು ಅಂಚಿನ ಒಳಗಿನ ಲಾಟ್ ನಂಬರ್ (ತಯಾರಿಕೆಯ ಕಂತಿನ ಸಂಖ್ಯೆ). ಅದನ್ನು ಒತ್ತಿದ್ದು ಬಣ್ಣಕ್ಕೆ ಮುಂಚೆ. ಅಂಕಿಯ ತಳದಲ್ಲಿ ಬಣ್ಣ ತುಂಬಿರಬೇಕು. ಬಣ್ಣ ಒಡೆದು ಲೋಹ ಕಂಡರೆ ಆಮೇಲೆ ಹೊಡೆದ ಪಂಚ್.

ನಕಲಿ ತುಕ್ಕು ಹೇಗಿರುತ್ತದೆ ಅಂತ ತಿಳಿಯಲು ಇನ್ನೊಂದು ಕೆಲಸವನ್ನೂ ಮಾಡಿದೆ. ಹೊಸದಾಗಿ ಮಾಡಿದ ಒಂದು ಚಿಪ್ಪನ್ನು ಬಾಲ್ಕನಿಯ ಮಣ್ಣಿನ ತೊಟ್ಟಿಯಲ್ಲಿ ಉಪ್ಪು, ವಿನೆಗರ್ ಸುರಿದು ಹೂತಿಟ್ಟೆ. ಐದಾರು ತಿಂಗಳು. ತೆಗೆದಾಗ ಕುಂಕುಮದ ಬಣ್ಣದ ತುಕ್ಕು, ಎಲ್ಲ ಕಡೆ ಒಂದೇ ಸಮ, ಬೆರಳಿಗೆ ಅಂಟುತ್ತಿತ್ತು. ಹಳೇ ತುಕ್ಕು ಹುರಿದ ಕಾಫಿ ಬೀಜದ ಬಣ್ಣ, ಗಟ್ಟಿ, ಕೈಗೆ ಬರುವುದಿಲ್ಲ. ಆ ಚಿಪ್ಪು ಈಗಲೂ ನನ್ನ ಮೇಜಿನ ಮೇಲಿದೆ. ಅನುಮಾನ ಬಂದಾಗ ಪಕ್ಕದಲ್ಲಿಟ್ಟು ನೋಡುತ್ತೇನೆ.

ಹಿರಿಯರು ಸುಲಭಕ್ಕೆ ಒಪ್ಪಲಿಲ್ಲ. ತಮಗೆ ಹಿಂದು ಮುಂದು ಗೊತ್ತಿದ್ದ ಆರು ಹೆಲ್ಮೆಟ್ ತಂದು ಸಾಲಾಗಿ ಇಟ್ಟು, "ಹೇಳು ನೋಡೋಣ" ಅಂದರು. ಮಧ್ಯಾಹ್ನವೆಲ್ಲ ಕೂತೆ. ಐದು ಸರಿ ಹೇಳಿದೆ. ಆರನೆಯದಕ್ಕೆ ಎರಡು ಗೆರೆ ಇದೆ, ಜೋಡಿಸಿದ್ದು ಅಂದೆ. ಅದು ತಮ್ಮ ಅತ್ಯುತ್ತಮ ಮಾಲು ಅಂತ ಅವರ ವಾದ. ಅದರ ಒಂದು ಪಿನ್ ಮೊದಲೇ ಮುರಿದಿತ್ತು, ಅದಕ್ಕೇ ಬಿಚ್ಚಲು ಧೈರ್ಯ ಮಾಡಿದರು. ಕೆಳಗೆ ಎರಡು ಗೆರೆ. ಉಳಿದ ಎರಡು ಪಿನ್‌ಗಳ ಕಾಲಿನಲ್ಲಿ ಬಿರುಕು. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕ್ಯಾಮೆರಾ ಎಲ್ಲಿ ತಗೊಂಡೆ ಅಂತ ಕೇಳಿದರು.

ಈಗ ಆ 550ರ ವಿಷಯ. ಸಿನೆಯ ಹೆಲ್ಮೆಟ್ಟಿನ ಒಳಗೆ ಕ್ಯಾಮೆರಾ ಇಳಿಸಿದಾಗ ಗೆರೆ ಒಂದೇ ಇತ್ತು, ಪಿನ್ ಮುಟ್ಟಿದ ಗುರುತಿಲ್ಲ. ಎಂಟು ಚರ್ಮದ ನಾಲಿಗೆಗಳಲ್ಲಿ ಹಿಂದಿನದೊಂದರ ಬೆನ್ನಲ್ಲಿ ಏನೋ ಕಲೆ. ಮನೆಗೆ ತಂದು ಯುವಿ ಬಿಟ್ಟೆ. ಮಾಸಿದ ಶಾಯಿ ಕಪ್ಪಗೆ ಎದ್ದು ಬಂತು. ಒಂದು ಹೆಸರು. ಕೆಳಗೆ ಊರಿನ ಮೊದಲ ಮೂರು ಅಕ್ಷರ. ಆ ಕಾಲದ ಸೈನಿಕರ ದಾಖಲೆ ಈಗ ಬರ್ಲಿನ್‌ನ ಫೆಡರಲ್ ಆರ್ಕೈವ್ಸ್‌ನಲ್ಲಿದೆ. ಅಲ್ಲಿಗೆ ಬರೆದಿದ್ದೇನೆ. ಮನೆಯವರು ಯಾರಾದರೂ ಸಿಕ್ಕರೆ ಹೆಲ್ಮೆಟ್ ಅವರಿಗೇ ಕೊಡುವ ಯೋಚನೆ ಇದೆ.

ಅಮ್ಮನಿಗೆ ಈ ಹವ್ಯಾಸ ಮೊದಲಿಂದಲೂ ಇಷ್ಟವಿಲ್ಲ. "ಸತ್ತೋರ ಟೋಪಿ ಮನೇಲಿ ಯಾಕಪ್ಪ ಇಟ್ಕೊತೀಯ?" ಅನ್ನುತ್ತಿದ್ದಳು. ಹೆಸರು ಸಿಕ್ಕ ಮೇಲೆ ಭಾನುವಾರ ಫೋನ್ ಮಾಡಿದಾಗಲೆಲ್ಲ, ಊಟ ಆಯ್ತಾ ಅಂತ ಕೇಳೋಕೆ ಮುಂಚೆಯೇ, ಬರ್ಲಿನ್‌ನಿಂದ ಕಾಗದ ಬಂತಾ ಅಂತ ಕೇಳುತ್ತಾಳೆ. ಇನ್ನೂ ಬಂದಿಲ್ಲ.