10 ನಿಮಿಷಕ್ಕೊಂದು ಬಸ್ಸು ಬಂದರೂ 21 ನಿಮಿಷ ಕಾಯುವುದು ಏಕೆ?

ನಾನು ಕಂಪ್ಯೂಟರ್ ಸೈನ್ಸ್ ಮೇಷ್ಟ್ರು. ನೆಟ್‌ವರ್ಕ್ ಪಾಠ ಮಾಡುತ್ತೇನೆ. ಪ್ಯಾಕೆಟ್ಟುಗಳು, ಅಂದರೆ ನೆಟ್‌ವರ್ಕಿನಲ್ಲಿ ಓಡಾಡುವ ಮಾಹಿತಿಯ ಚಿಕ್ಕ ತುಂಡುಗಳು, ಎಲ್ಲಿ ಸಾಲು ನಿಲ್ಲುತ್ತವೆ, ಎಷ್ಟು ಹೊತ್ತು ಕಾಯುತ್ತವೆ, ಯಾವಾಗ ಕಳೆದುಹೋಗುತ್ತವೆ, ಇದೇ ನನ್ನ ಕಸುಬು. ದಿನಾ ಬೆಳಿಗ್ಗೆ ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಬಸ್ ಸ್ಟಾಪಿನಲ್ಲಿ ನಾನೂ ಹಾಗೇ ಕಾಯುತ್ತಿದ್ದೆ. ಎರಡೂ ಒಂದೇ ಲೆಕ್ಕ ಅಂತ ಹೊಳೆಯಲು ನನಗೆ ಹಲವು ವರ್ಷ ಬೇಕಾಯಿತು.

ಅದೂ ನನಗೇ ಹೊಳೆದದ್ದಲ್ಲ. ಸ್ಟಾಪಿನ ಹೊಂಗೆ ಮರದ ಕೆಳಗೆ ಒಬ್ಬ ಅಜ್ಜಿ ಹೂ ಮಾರುತ್ತಾರೆ. ಒಂದು ದಿನ ಬಸ್ಸಿಲ್ಲದೆ ಸಿಟ್ಟು ಬಂದು, "ಹತ್ತು ನಿಮಿಷಕ್ಕೊಂದು ಅಂತಾರೆ, ಎಲ್ಲಿದೆ ಬಸ್ಸು?" ಅಂತ ಗೊಣಗಿದೆ. ಅಜ್ಜಿ ಮೊಳ ಹಾಕುತ್ತಲೇ ಹೇಳಿದರು: "ಬಂದ್ರೆ ಮೂರೂ ಒಟ್ಟಿಗೆ ಬರ್ತವೆ ಸಾರ್. ಇಲ್ಲಾಂದ್ರೆ ಒಂದೂ ಇಲ್ಲ."

ಹಾಗೆ ಹೇಳಿ ಸ್ವಲ್ಪ ಹೊತ್ತಿಗೆ ಮೂರು 500-ಡಿ ರೂಟಿನ ಬಸ್ಸುಗಳು ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಬಂದವು. ಮೊದಲನೆಯದರಲ್ಲಿ ಕಾಲಿಡಲು ಜಾಗವಿಲ್ಲ. ಮೂರನೆಯದರಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಕಾಲೇಜಿಗೆ ಬರುವಷ್ಟರಲ್ಲಿ ಟಿಕೆಟ್ಟಿನ ಹಿಂದೆ ಒಂದು ಲೆಕ್ಕ ಬರೆದಿದ್ದೆ.

ಆ ಲೆಕ್ಕ ಇಷ್ಟೇ. ಒಂದು ಗಂಟೆಗೆ ಆರು ಬಸ್ಸು ಅಂದುಕೊಳ್ಳಿ. ಸರಿಯಾಗಿ ಹತ್ತು ಹತ್ತು ನಿಮಿಷಕ್ಕೆ ಬಂದರೆ, ಗಡಿಯಾರ ನೋಡದೆ ಸ್ಟಾಪಿಗೆ ಬಂದವರು ಸರಾಸರಿ 5 ನಿಮಿಷ ಕಾಯುತ್ತಾರೆ. ಈಗ ಅದೇ ಆರು ಬಸ್ಸು ಗುಂಪಾಗಿ ಬರಲಿ. ಐದು ಗ್ಯಾಪು ಎರಡೆರಡು ನಿಮಿಷದ್ದು, ಉಳಿದ ಒಂದು ಗ್ಯಾಪು 50 ನಿಮಿಷದ್ದು. ಗಂಟೆಗೆ ಆರೇ ಬಸ್ಸು. ಗ್ಯಾಪಿನ ಸರಾಸರಿಯೂ ಹತ್ತೇ ನಿಮಿಷ. ಆದರೆ ನೀವು ಸ್ಟಾಪಿಗೆ ಬರುವ ಹೊತ್ತು ಆ 50 ನಿಮಿಷದ ಗ್ಯಾಪಿನೊಳಗೇ ಬೀಳುವ ಸಾಧ್ಯತೆ ಆರರಲ್ಲಿ ಐದು ಪಾಲು. ಅಲ್ಲಿ ಬಿದ್ದರೆ ಸರಾಸರಿ 25 ನಿಮಿಷ ಕಾಯಬೇಕು. ಎಲ್ಲ ಸೇರಿಸಿದರೆ ಸರಾಸರಿ ಕಾಯುವುದು 21 ನಿಮಿಷ.

ಪ್ರತಿ ಗ್ಯಾಪಿನ ವರ್ಗವನ್ನು, ಅಂದರೆ ಅದನ್ನು ಅದರಿಂದಲೇ ಗುಣಿಸಿದ್ದನ್ನು, ಕೂಡಿಸಿ, ಗ್ಯಾಪುಗಳ ಮೊತ್ತದ ಎರಡರಷ್ಟರಿಂದ ಭಾಗಿಸಿದರೆ ಸಿಗುವುದು ಇದೇ. ವರ್ಗ ಬರುವುದರಿಂದಲೇ ದೊಡ್ಡ ಗ್ಯಾಪು ಇಷ್ಟು ದುಬಾರಿ. ತರಗತಿಯಲ್ಲಿ ಇದನ್ನು ಎಷ್ಟು ಸಲ ಬರೆದಿದ್ದೇನೋ! ಸಾಲು ಕಾಯುವ ಲೆಕ್ಕ ಶುರುವಾದದ್ದೇ ಟೆಲಿಫೋನಿನಿಂದ. ಕೋಪನ್‌ಹೇಗನ್ನಿನ ಎರ್ಲಾಂಗ್ 1909ರಲ್ಲಿ ಫೋನ್ ಕರೆಗಳ ಮೇಲೆ ಪ್ರಬಂಧ ಬರೆದರು. ನಾವು ಅದನ್ನು ಪ್ಯಾಕೆಟ್ಟಿಗೆ ಹಚ್ಚಿದೆವು. ಸರಾಸರಿ ವೇಗ ಚೆನ್ನಾಗಿದ್ದೂ ಪ್ಯಾಕೆಟ್ಟುಗಳು ಏರುಪೇರಾಗಿ ಬಂದರೆ ವಿಡಿಯೋ ಕಾಲ್ ಮುಗ್ಗರಿಸುತ್ತದಲ್ಲ, ಅದಕ್ಕೆ ನಮ್ಮಲ್ಲಿ ಜಿಟರ್ ಅನ್ನುತ್ತೇವೆ. ಅಜ್ಜಿ ಹೇಳಿದ್ದು ಜಿಟರ್ ಬಗ್ಗೆ.

ಟಿಕೆಟ್ಟಿನ ಹಿಂದಿನ ಲೆಕ್ಕ ನಾನೇ ಕಟ್ಟಿದ್ದು. ನಿಜವಾಗಿ ನಮ್ಮ ಸ್ಟಾಪಿನಲ್ಲಿ ಏನಾಗುತ್ತಿದೆ ಅಂತ ಎಣಿಸಿಯೇ ನೋಡೋಣ ಅನ್ನಿಸಿತು. ಮೂರನೇ ವರ್ಷದ ನಾಲ್ವರು ವಿದ್ಯಾರ್ಥಿಗಳು ಬಂದರು. ಮೊದಲು ಅವರು ಮಾಡಲು ಹೊರಟದ್ದು ಒಂದು ಆಪ್. ನಮ್ಮವರ ರೋಗವೇ ಅದು, ಏನು ಹೇಳಿದರೂ ಆಪ್. ಎರಡು ವಾರ ಅದರಲ್ಲೇ ಹೋಯಿತು. ಕೊನೆಗೆ ನೂರು ಪುಟದ ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು ತಂದೆ. ಕಾಲಂಗಳು ಐದು: ರೂಟ್ ನಂಬರು, ಗಾಡಿಯ ನಂಬರಿನ ಕೊನೆಯ ನಾಲ್ಕು ಅಂಕಿ, ಬಂದ ಹೊತ್ತು, ಹೊರಟ ಹೊತ್ತು, ಜನ ಎಷ್ಟು. ಜನರನ್ನು ಎಣಿಸಲು ಆಗುವುದಿಲ್ಲ. ಹಾಗಾಗಿ ಮೂರೇ ಗುರುತು ಇಟ್ಟುಕೊಂಡೆವು: ಸೀಟಿದೆ, ನಿಂತಿದ್ದಾರೆ, ಬಾಗಿಲಲ್ಲಿ ನೇತಾಡುತ್ತಿದ್ದಾರೆ.

ಮೊದಲ ಮೂರು ದಿನದ ಬರಹ ಕಸದ ಬುಟ್ಟಿಗೆ ಹೋಯಿತು. ಒಬ್ಬ ಕೈಗಡಿಯಾರ ನೋಡಿ ಬರೆದಿದ್ದ. ಅದು ಮೊಬೈಲಿಗಿಂತ ನಾಲ್ಕು ನಿಮಿಷ ಮುಂದಿತ್ತು. ಇನ್ನೊಬ್ಬ ಬಸ್ಸು ದೂರದಲ್ಲಿ ಕಂಡಾಗಲೇ "ಬಂತು" ಅಂತ ಬರೆದಿದ್ದ. ಕಂಡದ್ದು ಸಿಗ್ನಲ್ಲಿನಲ್ಲಿ, ಸ್ಟಾಪಿಗೆ ಬಂದದ್ದು ಆಮೇಲೆ. ಅದಾದ ಮೇಲೆ ಒಂದು ನಿಯಮ ಮಾಡಿದೆವು. ಮುಂದಿನ ಬಾಗಿಲು ಸ್ಟಾಪಿನ ಕಂಬಕ್ಕೆ ನೇರ ಬಂದರೆ ಅದೇ ಬಂದ ಹೊತ್ತು. ಆದರೆ ಬಸ್ಸು ಕಂಬದ ಹತ್ತಿರ ನಿಂತರೆ ತಾನೇ? ಅರ್ಧಕ್ಕರ್ಧ ಬಸ್ಸುಗಳು ರಸ್ತೆಯ ನಡುವೆಯೇ ನಿಲ್ಲುತ್ತಿದ್ದವು. ಹಾಗಾಗಿ ಆರನೇ ಕಾಲಂ ಬಂತು: ಎಲ್ಲಿ ನಿಂತಿತು. ಸುಮ್ನೆ ಸೇರಿಸಿದ ಈ ಕಾಲಮ್ಮೇ ಕೊನೆಗೆ ಕೆಲಸಕ್ಕೆ ಬಂತು.

ಅಜ್ಜಿಗೆ ನಮ್ಮ ಮೇಲೆ ಅನುಮಾನ. "ಏನ್ ಸಾರ್ ದಿನಾ ಬರ್ಕೋತೀರಾ? ಡ್ರೈವರ್‌ಗಳ ಮೇಲೆ ಕಂಪ್ಲೇಂಟಾ?" ಅಂದರು. ಇಲ್ಲ ಅಂತ ಅವರನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. ಪ್ರಶ್ನೆ ಮಾತ್ರ ಸರಿಯಾದದ್ದೇ. ಹೀಗೆ ಸಾಲಾಗಿ ಬಸ್ಸು ಬಂದರೆ ಬೈಸಿಕೊಳ್ಳುವವರು ಡ್ರೈವರುಗಳೇ ಅಲ್ವಾ?

ಅವರ ತಪ್ಪಲ್ಲ. ಒಂದು ಬಸ್ಸು ಸಿಗ್ನಲ್ಲಿನಲ್ಲಿ ಎರಡು ನಿಮಿಷ ತಡವಾಯಿತು ಅನ್ನಿ. ಮುಂದಿನ ಸ್ಟಾಪಿನಲ್ಲಿ ಆ ಎರಡು ನಿಮಿಷದಲ್ಲಿ ಇನ್ನಷ್ಟು ಜನ ಸೇರಿರುತ್ತಾರೆ. ಅವರೆಲ್ಲ ಹತ್ತಬೇಕು, ಇನ್ನಷ್ಟು ತಡ. ಹಿಂದಿನ ಬಸ್ಸಿಗೆ ಜನವೇ ಉಳಿಯುವುದಿಲ್ಲ, ಅದು ಬೇಗ ಬೇಗ ಬರುತ್ತದೆ. ಕೊನೆಗೆ ಎರಡೂ ಕೂಡಿಕೊಳ್ಳುತ್ತವೆ. ಒಮ್ಮೆ ಕೂಡಿದರೆ ತಾವಾಗಿ ಬಿಡಿಸಿಕೊಳ್ಳುವುದಿಲ್ಲ. ಇದನ್ನು ಗಣಿತದಲ್ಲಿ ನ್ಯೂವೆಲ್ ಮತ್ತು ಪಾಟ್ಸ್ ಎಂಬಿಬ್ಬರು 1964ರಲ್ಲೇ ಬರೆದಿಟ್ಟಿದ್ದಾರೆ. ಒಬ್ಬ ಕಂಡಕ್ಟರ್ ನನಗೆ ಇದನ್ನೇ ಗಣಿತವಿಲ್ಲದೆ ಹೇಳಿದರು: "ಹಿಂದೆ ಖಾಲಿ ಗಾಡಿ ಬರ್ತಿದೆ, ಅದಕ್ಕೆ ಹತ್ತಿ ಅಂತ ಬಡ್ಕೋತೀನಿ ಸಾರ್. ಯಾರು ನಂಬ್ತಾರೆ?" ನಾನೂ ನಂಬುತ್ತಿರಲಿಲ್ಲ. ಈಗ ನಂಬುತ್ತೇನೆ, ಮೂರನೆಯದಕ್ಕೇ ಹತ್ತುತ್ತೇನೆ.

ರಶ್ಶಿನಲ್ಲೂ ಇದೇ ಮೋಸ ಇದೆ. ಒಂದು ಬಸ್ಸಿನಲ್ಲಿ 80 ಜನ, ಹಿಂದಿನದರಲ್ಲಿ 10 ಜನ ಅನ್ನಿ. ಸಾರಿಗೆ ಸಂಸ್ಥೆಯ ಕಚೇರಿ ಲೆಕ್ಕಕ್ಕೆ ಬಸ್ಸಿಗೆ ಸರಾಸರಿ 45, ಆರಾಮ. ಅದೇ 90 ಜನರನ್ನು ಒಬ್ಬೊಬ್ಬರಾಗಿ "ನಿಮ್ಮ ಬಸ್ಸಿನಲ್ಲಿ ಎಷ್ಟು ಜನ ಇದ್ದರು?" ಅಂತ ಕೇಳಿ. ಎಂಬತ್ತು ಜನ 80 ಅನ್ನುತ್ತಾರೆ, ಹತ್ತೇ ಜನ 10 ಅನ್ನುತ್ತಾರೆ. ಉತ್ತರಗಳ ಸರಾಸರಿ 72. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಬಸ್ಸು ಎಣಿಸುತ್ತಿದ್ದಾರೆ, ಇನ್ನೊಬ್ಬರು ಜನ ಎಣಿಸುತ್ತಿದ್ದಾರೆ.

ಇದಕ್ಕೆ ಮದ್ದು ಇಲ್ಲ ಅಂತಲ್ಲ. ಅಮೆರಿಕದ ಅಟ್ಲಾಂಟಾದಲ್ಲಿ, ಜಾರ್ಜಿಯಾ ಟೆಕ್ ಕ್ಯಾಂಪಸ್ಸಿನ ಬಸ್ಸುಗಳ ಮೇಲೆ ಬಾರ್ತೋಲ್ಡಿ ಮತ್ತು ಐಸೆನ್‌ಸ್ಟೈನ್ ಒಂದು ಪ್ರಯೋಗ ಮಾಡಿ 2012ರಲ್ಲಿ ಪ್ರಕಟಿಸಿದರು. ಅವರು ವೇಳಾಪಟ್ಟಿಯನ್ನೇ ಕೈಬಿಟ್ಟರು. ಹಿಂದೆ ಬರುತ್ತಿರುವ ಬಸ್ಸು ಎಷ್ಟು ದೂರದಲ್ಲಿದೆ ನೋಡಿ, ಅದಕ್ಕೆ ತಕ್ಕಂತೆ ಒಂದು ಕಡೆ ಸ್ವಲ್ಪ ಹೊತ್ತು ನಿಂತು ಹೊರಡುವುದು. ಗ್ಯಾಪು ತಾನಾಗಿ ಸಮನಾಗುತ್ತದೆ. ಓದಿ ಕುಣಿದಾಡಿದೆ. ಆಮೇಲೆ ನಮ್ಮ ರಸ್ತೆ ನೆನಪಾಯಿತು. ಕ್ಯಾಂಪಸ್ಸಿನಲ್ಲಿ ಬಸ್ಸು ನಿಲ್ಲಿಸಿಕೊಳ್ಳಲು ಜಾಗ ಇದೆ. ಸದಾ ಗಾಡಿಗಳು ಕಿಕ್ಕಿರಿದಿರುವ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಒಂದು ಬಸ್ಸನ್ನು ಮೂರು ನಿಮಿಷ ಸುಮ್ಮನೆ ನಿಲ್ಲಿಸಿ ನೋಡೋಣ! ಹಿಂದಿನಿಂದ ಹಾರ್ನ್ ಹೊಡೆದೇ ಓಡಿಸಿಬಿಡುತ್ತಾರೆ.

ನಮ್ಮ ರಸ್ತೆಗೆ ಹೊಂದುವ ಮದ್ದು ಒಂದಿತ್ತು. 2019ರ ಕೊನೆಯಲ್ಲಿ ಟಿನ್ ಫ್ಯಾಕ್ಟರಿಯಿಂದ ಸಿಲ್ಕ್ ಬೋರ್ಡ್‌ವರೆಗೆ ಕಂಬ ನೆಟ್ಟು ಬಸ್ಸಿಗೇ ಬೇರೆ ಲೇನ್ ಮಾಡಿದ್ದರು. ಅದರಿಂದ ಬಸ್ಸು ಬೇಗ ಹೋಗುತ್ತದೆ ಅಂತ ಎಲ್ಲರೂ ಹೊಗಳಿದರು. ನನ್ನ ಕಣ್ಣಿಗೆ ಅದರ ದೊಡ್ಡ ಲಾಭ ಬೇರೆ. ಬೇರೆ ಗಾಡಿಗಳ ಕಾಟ ತಪ್ಪಿದರೆ ಮೊದಲ ಎರಡು ನಿಮಿಷದ ತಡವೇ ಕಡಿಮೆಯಾಗುತ್ತದೆ, ಬಸ್ಸುಗಳು ಕೂಡಿಕೊಳ್ಳುವುದೂ ಕಡಿಮೆ. ಮೆಟ್ರೋ ಕಂಬಗಳು ಏಳಲು ಶುರುವಾದ ಮೇಲೆ ಆ ಲೇನ್ ಉಳಿಯಲಿಲ್ಲ.

ಇಲ್ಲಿಯವರೆಗೆ ಇದು ಸಂಶೋಧನೆ. ಒಂದು ಪ್ರಬಂಧ ಬರೆದು ಕಳಿಸಿದೆ, ಹೊಸದೇನೂ ಇಲ್ಲ ಅಂತ ತಿರುಗಿ ಬಂತು. ಸಿಟ್ಟು ಬರಲಿಲ್ಲ. 1964ರಿಂದ ಗೊತ್ತಿರುವುದೇ ತಾನೆ?

ಆಗ ಆರನೇ ಕಾಲಂ ಕಡೆ ನೋಡಿದೆವು. ಬಸ್ಸು ನಡುರಸ್ತೆಯಲ್ಲಿ ನಿಂತಾಗೆಲ್ಲ ಹತ್ತಿ ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು. ನಡುರಸ್ತೆಯಲ್ಲಿ ನಿಲ್ಲುತ್ತಿದ್ದುದು ಸ್ಟಾಪಿನ ಮುಂದೆ ಕಾರು, ಆಟೋ, ಡೆಲಿವರಿ ವ್ಯಾನು ನಿಂತಿರುತ್ತಿದ್ದುದರಿಂದ. ಅಂದರೆ ನಮ್ಮ ಕೈಗೆ ಎಟುಕುವ ಕೆಲಸ ಒಂದಿದೆ: ಸ್ಟಾಪನ್ನು ಮೂವತ್ತು ಮೀಟರ್ ಮುಂದೆ, ಅಂಗಡಿಗಳಿಲ್ಲದ ಕಡೆಗೆ ಸರಿಸುವುದು.

ಯಾರನ್ನು ಕೇಳುವುದು? ಈ ಪ್ರಶ್ನೆಗೆ ಉತ್ತರ ಹುಡುಕಲು ಹಿಡಿದಷ್ಟು ಹೊತ್ತು ಎಣಿಕೆಗೂ ಹಿಡಿದಿರಲಿಲ್ಲ. ಬಸ್ಸು ಓಡಿಸುವುದು ಸಾರಿಗೆ ಸಂಸ್ಥೆ. ತಂಗುದಾಣ ಕಟ್ಟುವುದು ಪಾಲಿಕೆ. ಅಡ್ಡ ನಿಂತ ಗಾಡಿ ಎತ್ತಿಸುವುದು ಟ್ರಾಫಿಕ್ ಪೊಲೀಸರು. ಪಕ್ಕದಲ್ಲಿ ತಗಡಿನ ಬೇಲಿ ಹಾಕಿರುವುದು ಮೆಟ್ರೋದವರು. ಒಂದು ಕಬ್ಬಿಣದ ಕಂಬಕ್ಕೆ ನಾಲ್ಕು ಮನೆಯವರು. ಎಲ್ಲ ಕಡೆಯೂ ಮರ್ಯಾದೆಯಿಂದ ಕೂರಿಸಿ, ಮುಂದಿನ ಮನೆಯ ವಿಳಾಸ ಕೊಟ್ಟರು.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 2005ರ ಕಾಯ್ದೆ, ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಅಂತ ಎಲ್ಲರಿಗೂ ಗೊತ್ತು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ. ನಾನು ಗ್ರಾಫ್ ಸಮೇತ ಮೂರು ಪುಟ ಬರೆದಿದ್ದೆ. ವಾಪಸ್ ಬಂತು, ನ್ಯಾಯವಾಗಿಯೇ. ನನ್ನ ಹೆಂಡತಿ ಓದಿ, "ಕೇಳಬೇಕಾದ್ದು ಕೇಳ್ರೀ, ಪಾಠ ಮಾಡಬೇಡಿ" ಅಂತ ಹೇಳಿ ನಾಲ್ಕು ಸಾಲಿಗೆ ಇಳಿಸಿದಳು. ಅದಕ್ಕೆ ಉತ್ತರ ಬಂತು.

ಇನ್ನು ಜನಪ್ರತಿನಿಧಿ. ಸಂವಿಧಾನದ 1992ರ 74ನೇ ತಿದ್ದುಪಡಿ ದೊಡ್ಡ ಊರುಗಳಿಗೆ ವಾರ್ಡ್ ಸಮಿತಿ ಬೇಕು ಅನ್ನುತ್ತದೆ. ಬೆಂಗಳೂರಿನ 198 ವಾರ್ಡುಗಳ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು. ನಾನು ಹೋದದ್ದು ಅಧಿಕಾರಿಯೊಬ್ಬರು ನಡೆಸುತ್ತಿದ್ದ ವಾರ್ಡ್ ಸಭೆಗೆ. ಬಂದವರು ಇಪ್ಪತ್ತು ಜನ, ಅದರಲ್ಲಿ ಹೆಚ್ಚಿನವರು ಕಸದ ಗಾಡಿಯ ವಿಚಾರಕ್ಕೆ ಬಂದವರು.

ಲ್ಯಾಪ್‌ಟಾಪ್ ತೆರೆದು ವರ್ಗದ ಸೂತ್ರ ತೋರಿಸಿದೆ. ಒಬ್ಬರು ಆಕಳಿಸಿದರು. ಅಲ್ಲಿ ಟೀ ಜೊತೆ ಕಡಲೆಕಾಯಿ ಇಟ್ಟಿದ್ದರು. ಲ್ಯಾಪ್‌ಟಾಪ್ ಮುಚ್ಚಿ, ಮೇಜಿನ ಮೇಲೆ ಆರು ಕಡಲೆಕಾಯಿ ಸಾಲಾಗಿ ಇಟ್ಟೆ, ಒಂದೊಂದು ಗೇಣು ದೂರಕ್ಕೆ. ಆಮೇಲೆ ಅದೇ ಆರನ್ನು ಒಂದು ಮೂಲೆಗೆ ತಳ್ಳಿದೆ. "ಬಸ್ಸು ಎರಡು ಸಲವೂ ಆರೇ. ಈಗ ಕಣ್ಣು ಮುಚ್ಚಿ ಮೇಜಿನ ಮೇಲೆ ಬೆರಳಿಡಿ, ಅದೇ ನೀವು ಸ್ಟಾಪಿಗೆ ಬಂದ ಹೊತ್ತು" ಅಂದೆ. ನಿವೃತ್ತ ಮೇಡಂ ಒಬ್ಬರು ಬೆರಳಿಟ್ಟರು. ಖಾಲಿ ಜಾಗ. ಇನ್ನೊಬ್ಬರು ಇಟ್ಟರು. ಮತ್ತೆ ಖಾಲಿ ಜಾಗ. ಆಕಳಿಸಿದವರೂ ಎದ್ದು ಬಂದರು. ಅಧಿಕಾರಿ ನಡಾವಳಿಯಲ್ಲಿ ಬರೆಸಿಕೊಂಡರು.

ಏಳು ತಿಂಗಳಾದ ಮೇಲೆ ಒಂದು ದಿನ ಬೆಳಿಗ್ಗೆ ನೋಡಿದರೆ ಕಂಬ ಮೂವತ್ತು ಮೀಟರ್ ಮುಂದೆ ನಿಂತಿತ್ತು. ಬಸ್ಸುಗಳು ಬದಿಗೆ ಬಂದು ನಿಲ್ಲುತ್ತಿದ್ದವು. ಮೂರು ಒಟ್ಟಿಗೆ ಬರುವುದು ನಿಂತಿಲ್ಲ, ಒಂದು ಸ್ಟಾಪಿನಿಂದ ಇಡೀ ರೂಟು ಸರಿಹೋಗುವುದಿಲ್ಲ. ಆದರೆ ನಮ್ಮಲ್ಲಿ ಜನ ಈಗ ನಡುರಸ್ತೆಗೆ ಓಡಬೇಕಿಲ್ಲ. ವಿದ್ಯಾರ್ಥಿಗಳಿಗೆ ಹೋಳಿಗೆ ಕೊಡಿಸಿದೆ.

ಅಜ್ಜಿ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದರು. ಜನ ಎಲ್ಲಿ ನಿಲ್ಲುತ್ತಾರೋ ಅಲ್ಲೇ ಹೂ ಮಾರಬೇಕು. ಹಾಗಾಗಿ ಬುಟ್ಟಿ ಎತ್ತಿಕೊಂಡು ಅವರೂ ಮೂವತ್ತು ಮೀಟರ್ ಬಂದಿದ್ದರು. ಮರ ಬರಲಿಲ್ಲ. "ನೀವು ಬರ್ಕೊಂಡಿದ್ದು ಇದಕ್ಕೇನಾ ಸಾರ್?" ಅಂದರು, ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಮಲ್ಲಿಗೆಗೆ ನೀರು ಚಿಮುಕಿಸುತ್ತಾ. ಮೂರು ತಿಂಗಳು ಅವರ ಪಕ್ಕದಲ್ಲೇ ಕೂತು ಬರೆದಿದ್ದೆವು, ಅದೇ ನೆರಳಿನಲ್ಲಿ. ಆರು ಕಾಲಮ್ಮಿನಲ್ಲಿ ಒಂದರಲ್ಲೂ ಅವರಿರಲಿಲ್ಲ.

ತಂಗುದಾಣಕ್ಕೆ ಸೂರು ಬೇಕು ಅಂತ ಮತ್ತೆ ಅರ್ಜಿ ಹಾಕಿದ್ದೇವೆ, ಈ ಸಲ 150 ಪದದೊಳಗೇ. ಅಲ್ಲಿಯವರೆಗೆ ಇರಲಿ ಅಂತ ಹುಡುಗರು ಒಂದು ದೊಡ್ಡ ಕೊಡೆ ತಂದು ನಿಲ್ಲಿಸಿದ್ದಾರೆ. ಮೂರು ಬಸ್ಸು ಒಟ್ಟಿಗೆ ಹಾದುಹೋದಾಗ ಆ ಗಾಳಿಗೆ ಅದು ಮಗುಚಿಕೊಳ್ಳುತ್ತದೆ. ಅಜ್ಜಿ ಎದ್ದು ಮತ್ತೆ ನೆಟ್ಟಗೆ ಮಾಡಿ ನನ್ನ ಕಡೆ ನೋಡುತ್ತಾರೆ.