ಸ್ಲ್ಯಾಬ್ ಒಡೆಯಲಿಲ್ಲ, ಕುಯ್ದೆವು

ಹಳೆಯ ಕಟ್ಟಡ. ಒಳಗಿನಿಂದಲೇ ಮಹಡಿಗೆ ಮೆಟ್ಟಿಲು ಬೇಕಿತ್ತು. ಅದಕ್ಕೆ ಸ್ಲ್ಯಾಬ್‌ನಲ್ಲಿ 2.4 ಮೀಟರ್ ಉದ್ದ, 1 ಮೀಟರ್ ಅಗಲದಷ್ಟು ತೆಗೆಯಬೇಕು. ಇಂಥದ್ದೇ ಕೆಲಸಕ್ಕೆ ಹಿಂದೊಮ್ಮೆ ಕಾಂಕ್ರೀಟ್ ಒಡೆಯುವ ದೊಡ್ಡ ಮೆಷಿನ್, ಬ್ರೇಕರ್ ಇಟ್ಟು ಕೈ ಸುಟ್ಟುಕೊಂಡಿದ್ದೆ. ತೂತೇನೋ ಆಯಿತು. ಆದರೆ ಅದುರಿದ ಕಂಬಿ ಅಂಚಿನಾಚೆಗೂ ಕಾಂಕ್ರೀಟನ್ನು ಸಡಿಲ ಮಾಡಿತ್ತು. ಪಕ್ಕದ ಕೋಣೆಯ ಸೀಲಿಂಗ್ ಗಾರೆ ಚಕ್ಕೆ ಚಕ್ಕೆಯಾಗಿ ಬಿತ್ತು. ಒಡೆದಿದ್ದಕ್ಕಿಂತ ರಿಪೇರಿಗೇ ಜಾಸ್ತಿ ದಿನ ಹಿಡಿಯಿತು.

ಈ ಸಲ ಮೊದಲು ತೂಕದ ಲೆಕ್ಕ ಹಾಕಿದೆ. ಕಂಬಿ ಸೇರಿದ ಕಾಂಕ್ರೀಟ್ ಒಂದು ಘನ ಮೀಟರಿಗೆ ಸುಮಾರು 2500 ಕೆ.ಜಿ. ಸ್ಲ್ಯಾಬ್ ದಪ್ಪ 125 ಮಿ.ಮೀ. ಅಂದರೆ ತೆಗೆಯುವ ಭಾಗವೇ 750 ಕೆ.ಜಿ.! ಎಂಟು ತುಂಡು ಮಾಡಿದರೂ ಒಂದೊಂದು 90 ಕೆ.ಜಿ. ದಾಟುತ್ತದೆ. ಬೀಳಿಸುವ ಮಾತೇ ಇಲ್ಲ. ಪ್ರತಿ ತುಂಡನ್ನೂ ಚೈನ್ ಬ್ಲಾಕ್‌ಗೆ (ಭಾರ ಎತ್ತುವ ಸರಪಳಿ ರಾಟೆ) ನೇತುಹಾಕಿಯೇ ಕುಯ್ಯಬೇಕು.

ಮುಖ್ಯ ಕಂಬಿಗಳೇ ತುಂಡಾಗುತ್ತಿದ್ದವು. ಹಾಗಾಗಿ ಸ್ಟ್ರಕ್ಚರಲ್ ಎಂಜಿನಿಯರ್ ಕೊಟ್ಟ ಡ್ರಾಯಿಂಗ್‌ನಂತೆ ಸುತ್ತಲೂ ಕೆಳಗಡೆ ಸ್ಟೀಲ್ ಫ್ರೇಮ್ ಮೊದಲೇ ಕೂರಿಸಿ, ಸಂದಿಗೆ ಗ್ರೌಟ್ (ತೆಳು ಸಿಮೆಂಟ್ ಮಿಶ್ರಣ) ತುಂಬಿದೆವು. ಕೆಳಗಿನಿಂದ ಆಸರೆಗೆ ಜಾಕಿಗಳನ್ನೂ ಕೊಟ್ಟೆವು. ವಾರ ಇದಕ್ಕೇ ಹೋಯಿತು. ಮಾಲೀಕರು ದಿನಾ ಬಂದು, "ಇನ್ನೂ ಶುರುನೇ ಮಾಡಿಲ್ವಾ?" ಅನ್ನುತ್ತಿದ್ದರು.

ಮೂಲೆಗಳದ್ದೇ ತಲೆನೋವು. ಕುಯ್ಯುವ ಮೆಷಿನ್‌ನ ಬ್ಲೇಡು ದುಂಡಗಿರುತ್ತದೆ ಅಲ್ವಾ? ತಳದಲ್ಲಿ ಮೂಲೆ ಮುಟ್ಟಬೇಕೆಂದರೆ ಮೇಲ್ಗಡೆ ಗೆರೆ ದಾಟಲೇಬೇಕು. 350 ಮಿ.ಮೀ. ಬ್ಲೇಡಾದರೆ 15 ಸೆಂ.ಮೀ.ಗಿಂತ ಜಾಸ್ತಿ. ಹಾಗೆ ದಾಟಿದರೆ ಉಳಿಯಬೇಕಾದ ಕಂಬಿಯೂ ಕತ್ತರಿಸಿಹೋಗುತ್ತದೆ, ಬಿರುಕೂ ಅಲ್ಲಿಂದಲೇ ಹೊರಡುತ್ತದೆ. ಅದಕ್ಕೇ ನಾಲ್ಕೂ ಮೂಲೆಗೆ ಕೋರ್ ಹೊಡೆದೆವು, ಅಂದರೆ ಆರುಪಾರು ದುಂಡನೆಯ ತೂತು ಕೊರೆದೆವು. ಗೆರೆ ದಾಟುವ ಮುಂಚೆಯೇ ಬ್ಲೇಡು ನಿಲ್ಲಿಸಿ, ತಳದಲ್ಲಿ ಉಳಿದಿದ್ದನ್ನು ಸಣ್ಣ ಚಿಪ್ಪಿಂಗ್ ಮೆಷಿನ್‌ನಿಂದ ಬಿಡಿಸಿದೆವು. ನಿಧಾನ, ಆದರೆ ಅಂಚು ಚೂರಿಯಲ್ಲಿ ಕುಯ್ದಂತೆ ಬಂತು.

ಎರಡನೇ ತುಂಡಿನಲ್ಲಿ ಒಂದು ತಪ್ಪು ಮಾಡಿದೆವು. ಚೈನು ಸ್ವಲ್ಪ ಸಡಿಲ ಇತ್ತು. ಕೊನೆಯ ಒಂದೆರಡು ಇಂಚು ಇರುವಾಗ ತುಂಡು ವಾಲಿ ಬ್ಲೇಡನ್ನು ಕಚ್ಚಿಕೊಂಡಿತು. ಮೆಷಿನ್ ಒದೆಯಿತು. ಪುಣ್ಯಕ್ಕೆ ಹುಡುಗ ಗಟ್ಟಿಯಾಗಿ ಹಿಡಿದಿದ್ದ, ಪಕ್ಕಕ್ಕೆ ನಿಂತಿದ್ದ. ಆಮೇಲೆ ಕುಯ್ದ ಸಂದಿಗೆ ಬೆಣೆ ಬಡಿದು, ಚೈನು ಬಿಗಿ ಮಾಡದೆ ಕೊನೆಯ ಬದಿಗೆ ಬ್ಲೇಡು ಇಡಲಿಲ್ಲ.

ಕಾಂಕ್ರೀಟ್ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶ ಹಾಳುಮಾಡುತ್ತದೆ, ಹಾಗಾಗಿ ನೀರು ಬಿಟ್ಟೇ ಕುಯ್ದೆವು. ಕೆಳಗೆ ಪ್ಲಾಸ್ಟಿಕ್ ಹಾಸಿ, ತೊಟ್ಟಿ ಇಟ್ಟು, ಕೆಸರೆಲ್ಲ ಹಿಡಿದೆವು ಅಂದುಕೊಂಡಿದ್ದೆ. ನಮ್ಮ ಕಂಬಿ ಹುಡುಕುವ ಮೆಷಿನ್‌ಗೆ ಲೋಹ ಮಾತ್ರ ಗೊತ್ತಾಗುತ್ತದೆ. ಸ್ಲ್ಯಾಬ್ ಒಳಗೆ ಖಾಲಿ ಪಿವಿಸಿ ಪೈಪೊಂದು ಇದ್ದಿದ್ದು ಅದಕ್ಕೆ ಕಾಣಲೇ ಇಲ್ಲ. ಸಂಜೆ ನೋಡಿದರೆ ಆಚೆ ಕೋಣೆಯ ಫ್ಯಾನ್ ಬಾಕ್ಸಿನಿಂದ ಬೂದು ಕೆಸರು ಗೋಡೆಗುಂಟ ಇಳಿದಿತ್ತು. ಆ ಕೋಣೆಗೆ ಬಣ್ಣ ಹೊಡೆದು ನಾಲ್ಕೇ ದಿನ ಆಗಿತ್ತು.